ಒದ್ದೆಯಾಗದವರು

ಬೀಗರ ಮುಂದೆ ತನ್ನ ಹೆಂಡತಿ ಇಷ್ಟೊಂದು ನಗಬಲ್ಲಳು ಎಂಬುದು ರಿನಾಲ್ದೊಗೆ ಆ ಭಾನುವಾರದವರೆಗೂ ಗೊತ್ತಿರಲಿಲ್ಲ. ಸಾಲ್ತೊಕ್ಕಿ ತೋಟದ ಜಲ್ಲಿಹಾದಿಯಲ್ಲಿ ಅಮೆದೇಯೊ, ರಿನಾಲ್ದೊನ ಮಗಳನ್ನು ಸೊಸೆ ಮಾಡಿಕೊಳ್ಳಲಿರುವ ತೂರಿನ್ ಊರಿನ ಬೀಗ, ಆ ಹೆಂಡತಿ ಜೆಲಿಂದಾಳ ತೋಳಿಗೆ ತೋಳು ಹೆಣೆದುಕೊಂಡು ಮುಂದೆ ನಡೆಯುತ್ತಿದ್ದ. ಹಿಂದೆ ರಿನಾಲ್ದೊನ ತೋಳಿಗೆ ಬೀಗಿತ್ತಿ ಪಿಯೇರಾ ಜೋತುಬಿದ್ದಿದ್ದಳು. ಅವಳಿಗೆ ಹಿಮ್ಮಡಿ ನೋವು. ಹಿಮ್ಮಡಿ ನೋವಿನ ಚರಿತ್ರೆಯನ್ನು ಅವಳು ಹೆಬ್ಬಾಗಿಲಿನಿಂದಲೇ ಶುರುಮಾಡಿದ್ದಳು. ರಿನಾಲ್ದೊ ಹೂಂಗುಟ್ಟುತ್ತಿದ್ದನಾದರೂ ಅವನ ಕಣ್ಣೆಲ್ಲ ಮುಂದಿದ್ದ ನೀಲಿ ಉಡುಪಿನ ಮೇಲಿತ್ತು. ಆ ನೀಲಿಯನ್ನು ಅವಳು ಯಾವಾಗ ಕೊಂಡಳು? ಅಮೆದೇಯೊ ತಲೆ ಬಗ್ಗಿಸಿ ಏನೋ ಹೇಳಿದ, ಅವಳು ಕುತ್ತಿಗೆ ಹಿಂದಕ್ಕೆ ಚೆಲ್ಲಿ ನಕ್ಕಳು. ಅದೇ ಥರದ ಮಾತನ್ನು ರಿನಾಲ್ದೊ ಮನೆಯಲ್ಲಿ ಹೇಳಿದ್ದರೆ "ಬ್ರೆಡ್ ತಂದ್ಯಾ?" ಎಂದು ಕೇಳುತ್ತಿದ್ದಳು. ಅಮೆದೇಯೊಗೆ ಈ ವಯಸ್ಸಿನಲ್ಲೂ ತಲೆತುಂಬ ಕೂದಲು. ಅದೂ ಒಂದು ಸಿಟ್ಟು. ರಿನಾಲ್ದೊನ ಕೈಯಲ್ಲಿ ಸೋಂಪು, ಒಣದ್ರಾಕ್ಷಿ ಹಾಕಿದ ಸಿಹಿ ಬ್ರೆಡ್ಡಿನ ಪೊಟ್ಟಣವಿತ್ತು. ಬೀಗರಿಗೆಂದು ಕೊಂಡದ್ದು, ಹೊರುವವನು ಮಾತ್ರ ತಾನು.

ಲುಕ್ಕಾದಲ್ಲಿ ಅವನು ಜೀವನವಿಡೀ ಕನ್ನಡಕದಂಗಡಿ ಇಟ್ಟವನು. ಅಂಗಡಿ ಮಾರಿದ ಮೇಲೂ ಬೀದಿಯಲ್ಲಿ ಎದುರಾದವರ ಮುಖಕ್ಕಿಂತ ಮೊದಲು ಅವರ ಮೂಗಿನ ಮೇಲಿನ ಚೌಕಟ್ಟು ಕಾಣುತ್ತಿತ್ತು. ಎಡಗಣ್ಣು ಬಲಗಣ್ಣು ಸರಿಹೊಂದಿದೆಯೇ ಎಂದು ನೋಡುವ ಚಾಳಿ ಅವನನ್ನು ಬಿಟ್ಟಿರಲಿಲ್ಲ. ಅದಕ್ಕೇ ಈ ತೋಟ ಅವನಿಗೆ ಹಿಡಿಸಬೇಕಿತ್ತು. ಎಡಕ್ಕೊಂದು ಕಾರಂಜಿ, ಬಲಕ್ಕೊಂದು ಕಾರಂಜಿ. ಎಡಕ್ಕೆ ಕತ್ತರಿಸಿ ಗೋಡೆಯಂತೆ ನಿಲ್ಲಿಸಿದ ಹಸಿರು ಬೇಲಿ, ಬಲಕ್ಕೂ ಅದೇ ಎತ್ತರದ್ದು. ನಿಂಬೆಯ ಮಣ್ಣಿನ ಕುಂಡಗಳೂ ಜೋಡಿಜೋಡಿ; ಚಳಿಗಾಲ ಕಳೆದು ಈಗಷ್ಟೇ ನಿಂಬೆಮನೆಯಿಂದ ಬಿಸಿಲಿಗೆ ಬಂದಿದ್ದವು. ಎಲ್ಲವೂ ಲೆಕ್ಕದಲ್ಲಿತ್ತು, ಮುಂದೆ ಹೋಗುತ್ತಿದ್ದ ಜೋಡಿಯೊಂದನ್ನು ಬಿಟ್ಟು. ಬೀಗನ ಮೇಲೆ ಹೊಟ್ಟೆಕಿಚ್ಚು ಪಡುವುದು ನಾಚಿಕೆಗೇಡೆಂದು ಅವನಿಗೆ ಗೊತ್ತಿತ್ತು. ಮನುಷ್ಯ ಮಂಗಳವಾರ ಊರಿಗೆ ಹೊರಟುಹೋಗುತ್ತಾನೆ. ಆದರೂ ಪಿಯೇರಾ ಶಸ್ತ್ರಚಿಕಿತ್ಸೆಯ ಅಧ್ಯಾಯಕ್ಕೆ ಬಂದಾಗ ಅವನು ಆ ತೋಳುಗಳ ನಡುವೆ ಎಷ್ಟು ಸಂದಿಯಿದೆ ಎಂದು ಅಳೆಯುತ್ತಿದ್ದ.

ಬಾಗಿಲಲ್ಲಿ ಟಿಕೆಟ್ ಕೊಡುವ ಹುಡುಗಿ "ಮುಂಚೆ ಬಂದಿದ್ದೀರಾ?" ಎಂದು ಕೇಳಿದ್ದಳು. "ಇಲ್ಲ, ನಮಗೂ ಇದೇ ಮೊದಲು" ಎಂದು ಗಂಡ ಹೆಂಡತಿ ಇಬ್ಬರೂ ಒಂದೇ ಉಸಿರಿಗೆ ಹೇಳಿದ್ದರು. ಅಮೆದೇಯೊ ಹುಬ್ಬೇರಿಸಿದ್ದ. "ಇದೇ ಊರಲ್ಲಿ ಹುಟ್ಟಿ ಬೆಳೆದು?" ಜೆಲಿಂದಾ ನಕ್ಕು, "ಊರವರು ಊರು ಎಲ್ಲಿ ನೋಡ್ತಾರೆ ಬೀಗರೇ? ಮದುವೆಗೆ ಮುಂಚೆ ನಮ್ಮಪ್ಪ ಬಿಡ್ಲಿಲ್ಲ. ಮದುವೆಯಾದ್ಮೇಲೆ ಇಂಥ ಕಡೆಗೆ ಯಾರು ಬರ್ತಾರೆ ಹೇಳಿ" ಎಂದಿದ್ದಳು. ಅವಳು ಹೇಳಿದ್ದರಲ್ಲಿ ಅರ್ಥವಿತ್ತು. ಇದು ಪ್ರೇಮಿಗಳ ತೋಟ. ಕೆಳಗಿನ ಗವಿಯ ಮುಂದೆ, ಹಳೆಯ ದೊರೆಗಳು ಅತಿಥಿಗಳನ್ನು ಗೋಳುಹುಯ್ದುಕೊಳ್ಳಲೆಂದು ಮಾಡಿಸಿದ ನೀರಿನ ತಮಾಷೆಯೊಂದಿದೆ. ನೆಲದ ಸಂದಿಯಿಂದ ಇದ್ದಕ್ಕಿದ್ದಂತೆ ನೀರು ಚಿಮ್ಮುತ್ತದೆ. ನೀರಿದೆ ಎಂಬುದು ಊರಿನ ಕೂಸಿಗೂ ಗೊತ್ತು. ಎಲ್ಲಿಂದ ಚಿಮ್ಮುತ್ತದೆ, ಎಲ್ಲಿ ನಿಂತರೆ ತಪ್ಪಿಸಿಕೊಳ್ಳಬಹುದು ಎಂಬುದು ಒಮ್ಮೆ ನೆನೆದವರಿಗೆ ಮಾತ್ರ ಗೊತ್ತು, ಮತ್ತು ನೆನೆದವರು ಯಾರೂ ಇನ್ನೊಬ್ಬರಿಗೆ ಹೇಳುವುದಿಲ್ಲ. ಊರಲ್ಲಿ ಅದೊಂದು ನೇಮದ ಹಾಗೆ ನಡೆದು ಬಂದಿದೆ. ರಿನಾಲ್ದೊ ಹುಡುಗನಾಗಿದ್ದಾಗ, ಬಿರುಬೇಸಿಗೆಯಲ್ಲಿ ಪ್ಯಾಂಟಿನ ಹಿಂಭಾಗ ತೊಪ್ಪೆಯಾಗಿ ಬಂದ ಯಾವನನ್ನೇ ಕಂಡರೂ ಕ್ಷೌರದಂಗಡಿಯ ಮುಂದೆ ಕೂತವರು "ಯಾರೋ ಅವಳು?" ಎಂದು ಕೂಗುತ್ತಿದ್ದರು. ಬೆಳಿಗ್ಗೆ ಮನೆ ಬಿಡುವಾಗ ಜೆಲಿಂದಾ ಅಡುಗೆಮನೆಯಲ್ಲಿ ಪಿಸುಗುಟ್ಟಿದ್ದಳು: "ಬೀಗರಿಗೆ ನೀರಿನ ವಿಷಯ ಬಾಯಿಬಿಡ್ಬೇಡ, ಆಯ್ತಾ?" ಅವನೂ ಹೂಂ ಎಂದಿದ್ದ. ಬೀಗ ತಲೆಯಿಂದ ಕಾಲಿನವರೆಗೆ ನೆನೆಯುವುದನ್ನು ನೋಡುವ ಆಸೆ ಅವನಿಗೂ ಇತ್ತು.

ಗವಿಗೆ ಇಳಿಯುವ ಮೆಟ್ಟಿಲು ಎರಡು ಕಡೆಯಿಂದ ಬಂದು ಕೆಳಗೆ ಒಂದಾಗುತ್ತವೆ. ಅಲ್ಲಿ ಕಪ್ಪು ಬಿಳಿ ಹರಳುಗಲ್ಲು ಹಾಸಿ ಬಿಡಿಸಿದ ಒಂದು ದೊಡ್ಡ ಆಮೆ. ಗವಿಯೊಳಗೆ ಗಡ್ಡದ ನದಿದೇವ ಕಲ್ಲಾಗಿ ಒರಗಿಕೊಂಡಿದ್ದಾನೆ. ಅವನ ಮುಖ ಸರಿಯಾಗಿ ಕಾಣಬೇಕಾದರೆ ಆಮೆಯ ಬೆನ್ನ ಮೇಲೆಯೇ ನಿಲ್ಲಬೇಕು. ಅಮೆದೇಯೊ ನೇರ ಹೋಗಿ ನಿಂತ. "ಅಯ್ಯೋ ಎಷ್ಟು ತಂಪು!" ಎನ್ನುತ್ತ ಪಿಯೇರಾ ಹಿಮ್ಮಡಿ ಎಳೆದುಕೊಂಡು ಗಂಡನ ಪಕ್ಕಕ್ಕೆ ಸೇರಿದಳು. ಆಗ ಜೆಲಿಂದಾ ಬೀಗನ ತೋಳಿನಿಂದ ಮೆಲ್ಲಗೆ ತನ್ನ ತೋಳು ಬಿಡಿಸಿಕೊಂಡಳು. ಎಡಗಡೆ ಗೋಡೆಗೆ ಒತ್ತಿಕೊಂಡು, ಒಂದು ಕೈಯಲ್ಲಿ ನೀಲಿ ಲಂಗದ ಅಂಚು ಎತ್ತಿ ಹಿಡಿದು, ಆಮೆಯ ಬಾಲದ ಆಚೆಯ ಕಿರಿದಾದ ಪಟ್ಟಿಯ ಮೇಲೆ ಕಾಲಿಟ್ಟು ನಿಂತಳು. ಯೋಚಿಸಿ ಮಾಡಿದ ಹಾಗಿರಲಿಲ್ಲ. ಕತ್ತಲಲ್ಲಿ ಸ್ವಂತ ಮನೆಯ ಹೊಸ್ತಿಲು ದಾಟುವಾಗ ಕಾಲು ತಾನೇ ಏಳುತ್ತದಲ್ಲ, ಹಾಗೆ. ಅದೇ ಗೋಡೆಯ ಬದಿಯಲ್ಲಿ ಒಂದೆರಡು ಹೆಜ್ಜೆ ಆಚೆ ನಿಂತಿದ್ದ ರಿನಾಲ್ದೊ ಆ ಕಾಲನ್ನು ನೋಡಿದ. ಲಂಗ ಹಿಡಿದ ಆ ಕೈಯನ್ನು ನೋಡಿದ. ಅಷ್ಟರಲ್ಲಿ ನೆಲ ಬುಸುಗುಟ್ಟಿತು.

ಹರಳುಗಳ ಸಂದಿಸಂದಿಯಿಂದ ನೀರು ಮೇಲೆದ್ದು ಬೀಗರಿಬ್ಬರನ್ನೂ ನುಂಗಿತು. ಪಿಯೇರಾ ಹಿಮ್ಮಡಿ ಮರೆತು ಕುಣಿದಳು. ಅಮೆದೇಯೊನ ತಲೆತುಂಬ ಕೂದಲು ಹಣೆಗಂಟಿ ಅವನು ಒಮ್ಮೆಗೇ ಮುದುಕನ ಹಾಗೆ ಕಂಡ. ಈ ದೃಶ್ಯಕ್ಕಾಗಿ ಬೆಳಗಿನಿಂದ ಕಾದಿದ್ದ ರಿನಾಲ್ದೊಗೆ ಈಗ ನಗು ಬರಲಿಲ್ಲ. ಹಸಿರು ಬೇಲಿಯ ಹಿಂದಿನಿಂದ ನೀರು ಬಿಡುವ ಮನುಷ್ಯ ಎದ್ದು ಬಂದ. ನೆಲ್ಲೊ ಎಂದು ಅವನ ಹೆಸರು, ಎದೆಯ ಮೇಲೆ ಬರೆದಿತ್ತು. ವಯಸ್ಸಾಗಿದ್ದರೂ ಮುಂಗೈ ಇನ್ನೂ ಗಟ್ಟಿಮುಟ್ಟು. ಬೀಗರಿಗೆ ಟವೆಲ್ ಕೊಡುತ್ತ ಅವನು ಗೋಡೆಯ ಕಡೆ ತಿರುಗಿ ನೋಡಿದ, ಕಣ್ಣು ಕಿರಿದು ಮಾಡಿದ, ಆಮೇಲೆ ಮುಖವೆಲ್ಲ ಬೆಳಗಿಸಿಕೊಂಡು ಅಂದ: "ಈ ಸಲ ತಪ್ಪಿಸ್ಕೊಂಡ್ರಿ, ಸಿನ್ಯೋರಾ!"

ಜೆಲಿಂದಾಳ ಕಿವಿ ಕೆಂಪಾಯಿತು. ಅವಳು ಕೇಳಿಸದವಳಂತೆ ಪಿಯೇರಾಳ ಕೂದಲು ಒರೆಸತೊಡಗಿದಳು.

ಈ ಸಲ ಎಂದರೆ ಹಿಂದೊಂದು ಸಲ ಇತ್ತು. ಇತ್ತೆಂದಾದರೆ ಅಲ್ಲೊಬ್ಬ ಇದ್ದ, ಏಕೆಂದರೆ ಈ ತೋಟಕ್ಕೆ ಹೆಣ್ಣು ಸುಮ್ಮನೆ ಬರುವುದಿಲ್ಲ. ರಿನಾಲ್ದೊ ಪೊಟ್ಟಣ ಎದೆಗೆ ಅವುಚಿಕೊಂಡು ಮೆಟ್ಟಿಲು ಹತ್ತಿದ. ಎದೆಯಲ್ಲಿ ಏನೋ ಉರಿಯುತ್ತಿತ್ತು, ಬೆಳಗಿನ ಕಾಫಿಯದ್ದಲ್ಲ. ಬೀಗನ ಮೇಲಿದ್ದ ಪುಟ್ಟ ಕಿಚ್ಚು ಎಲ್ಲಿ ಹೋಯಿತೋ. ಪಾಪ, ಆ ಮನುಷ್ಯನೂ ತನ್ನಂತೆಯೇ ಮೋಸಹೋದವನು ಎಂದು ಅವನ ಮೇಲೆ ಪ್ರೀತಿಯೇ ಹುಟ್ಟಿತು. ಯಾರಿರಬಹುದು? ಮನೆಯ ಮೇಲ್ಮಹಡಿಯಲ್ಲಿದ್ದ ದಂತವೈದ್ಯ ಜೆಲಿಂದಾಳನ್ನು ಕಂಡಾಗಲೆಲ್ಲ ಟೋಪಿ ಎತ್ತುತ್ತಿದ್ದ, ಬೇರೆ ಯಾರಿಗೂ ಎತ್ತುತ್ತಿರಲಿಲ್ಲ. ಆದರೆ ಅವನು ಕುಂಟ, ಈ ಮೆಟ್ಟಿಲು ಇಳಿಯಲಾರ. ಮದುವೆಗೆ ಮುಂಚೆಯೇ ಇರಬಹುದೇ? ಇಲ್ಲ, ಅವಳಪ್ಪ ಬಿಡುವ ಪೈಕಿಯೇ ಅಲ್ಲ. ಹಾಗಾದರೆ ಮದುವೆಯಾದ ಮೇಲೆ. ತಾನು ಅಂಗಡಿಯಲ್ಲಿ ಊರವರ ಕಣ್ಣಿಗೆ ಗಾಜು ಅಳೆದು ಕೊಡುತ್ತಿದ್ದಾಗ, ಒಂದು ಮಧ್ಯಾಹ್ನ, ಇದೇ ಕೈ ಇದೇ ಥರ ಲಂಗ ಹಿಡಿದು. ಆಗ ಅವನಿಗೆ ಕಲ್ಲಂಗಡಿ ನೆನಪಾಯಿತು. ಒಂದು ಬೇಸಿಗೆಯ ಭಾನುವಾರ ಅವನು ಮೇಜಿನ ಮುಂದೆ ಕೂತು ಕಲ್ಲಂಗಡಿ ತಿನ್ನುತ್ತಿದ್ದಾಗ ಜೆಲಿಂದಾ ಹೊರಗಿನಿಂದ ಬಂದಳು, ತಲೆಕೂದಲೆಲ್ಲ ಒದ್ದೆ. "ಅಕ್ಕನ ಮನೇಲಿ ತಲೆ ತೊಳ್ಕೊಂಡೆ" ಎಂದಳು. ಅವನು ಬೀಜ ಉಗುಳಿ ಇನ್ನೊಂದು ಹೋಳು ಕಚ್ಚಿದ್ದ. ಮಗಳು ಶಾಲೆಗೆ ಸೇರಿರದ ವರ್ಷ ಅದು. ಕೂದಲಿನಿಂದ ನೀರು ತೊಟ್ಟಿಕ್ಕಿ ಅವಳ ಬೆನ್ನ ಮೇಲೆ ಕಪ್ಪಗೆ ಹರಡಿದ್ದು ಈಗ, ಇಷ್ಟು ವರ್ಷದ ಮೇಲೆ, ಅವನಿಗೆ ಸ್ಪಷ್ಟವಾಗಿ ಕಂಡಿತು. ಯಾವ ಹೆಂಗಸು ಅಕ್ಕನ ಮನೆಗೆ ಹೋಗಿ ತಲೆ ತೊಳೆದುಕೊಂಡು ಒರೆಸಿಕೊಳ್ಳದೆ ಬರುತ್ತಾಳೆ? ಊರಿಗೆಲ್ಲ ಕಣ್ಣು ಕೊಟ್ಟ ತನ್ನ ಕಣ್ಣಿಗೆ ಅಂದು ಕಲ್ಲಂಗಡಿಯೇ ದೊಡ್ಡದಾಗಿತ್ತು.

ಮೇಲಿನ ಜಗಲಿಯ ಬಿಸಿಲಲ್ಲಿ ಬೀಗರು ಬೆಂಚಿನ ಮೇಲೆ ಬಟ್ಟೆ ಆರಿಸಿಕೊಳ್ಳುತ್ತ ಕೂತರು. ಬ್ರೆಡ್ಡಿನ ಪೊಟ್ಟಣ ಬಿಚ್ಚಿದ್ದಾಯಿತು. ಅಮೆದೇಯೊ ಬಾಯಿತುಂಬ ತುಂಬಿಕೊಂಡು, "ಏನೇ ಹೇಳಿ, ನೀವಿಬ್ರೂ ಭಾರಿ ಕಳ್ಳರು. ಅದರಲ್ಲೂ ಜೆಲಿಂದಾ ಪಕ್ಕಾ ಕಳ್ಳಿ. ನನ್ನ ಕೈಯನ್ನ ಎಷ್ಟು ನಾಜೂಕಾಗಿ ಬಿಡಿಸ್ಕೊಂಡ್ರು ನೋಡಿ!" ಎಂದ. "ಅವಳಿಗೆ ಎಲ್ಲಾ ಗೊತ್ತು," ಎಂದ ರಿನಾಲ್ದೊ. ದನಿ ತಮಾಷೆಯ ಎತ್ತರದಲ್ಲೇ ಶುರುವಾಗಿತ್ತು, ನಡುವೆ ಎಲ್ಲೋ ಕೈಕೊಟ್ಟಿತು. "ಯಾರು ತೋರಿಸ್ಕೊಟ್ಟಿದ್ದೋ, ಅದೊಂದು ನಮಗೆ ಗೊತ್ತಿಲ್ಲ." ಅಮೆದೇಯೊ ಅಗಿಯುವುದನ್ನು ನಿಲ್ಲಿಸಿದ. ಪಿಯೇರಾ ತನ್ನ ಒದ್ದೆ ಚಪ್ಪಲಿಯನ್ನೇ ನೋಡತೊಡಗಿದಳು. ಜೆಲಿಂದಾ ಮಾತ್ರ ಚಾಕುವಿನಿಂದ ಇನ್ನೊಂದು ಹೋಳು ಕತ್ತರಿಸಿ, "ತಗೊಳ್ಳಿ ಬೀಗರೇ, ದ್ರಾಕ್ಷಿ ಇರೋ ಕಡೆಯದು" ಎಂದಳು. ಹೋಳು ನೇರವಾಗಿ, ಒಂದೇ ದಪ್ಪಕ್ಕೆ ಬಂದಿತ್ತು. ಸೊಟ್ಟಗೆ ಬಂದಿದ್ದರೆ ಅವನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಮದುವೆಯ ಮನೆಯವರ ಮುಂದೆ ತಾನು ಎಂಥ ಸಣ್ಣ ಮನುಷ್ಯನಾದೆ ಎಂದು ಅವನಿಗೆ ಮೈಯೆಲ್ಲ ಹಿಡಿಯಾಯಿತು. "ನಿಂಬೆ ನೋಡಿ ಬರ್ತೀನಿ" ಎಂದು ಎದ್ದುಹೋದ.

ನಡೆಯುತ್ತ ನಡೆಯುತ್ತ ಅವನು ನೋರ್ಮಾಳನ್ನು ನೆನೆಯದಿರಲು ಪ್ರಯತ್ನಪಟ್ಟ. ಅದು ಬೇರೆಯೇ ವಿಷಯ. ಅದನ್ನು ಇದರ ಜೊತೆ ತಕ್ಕಡಿಗೆ ಹಾಕುವುದೇ ತಪ್ಪು. ನೋರ್ಮಾ ಮಕ್ಕಳಿಗೆ ಹಾಡು ಕಲಿಸುತ್ತಿದ್ದವಳು, ಓದುವ ಕನ್ನಡಕ ಮಾಡಿಸಿಕೊಳ್ಳಲು ಬಂದಿದ್ದಳು. ಚೌಕಟ್ಟು ಸರಿಪಡಿಸುವಾಗ ಕಿವಿಯ ಹಿಂದೆ ಬೆರಳು ತಾಕಿತು, ಇಬ್ಬರೂ ಸುಮ್ಮನಿದ್ದರು, ಅಷ್ಟೇ. ಒಂದೇ ಒಂದು ಮಧ್ಯಾಹ್ನ ಅವರು ಇಲ್ಲಿಗೆ ಬಂದಿದ್ದರು. ಆಮೆಯ ಮೇಲೆ ನಿಂತು ಮುತ್ತಿಟ್ಟರು, ನೀರು ಚಿಮ್ಮಿತು, ಅವಳು ಕಿರುಚಿ ನಕ್ಕಳು. ತಿಂಗಳೊಪ್ಪತ್ತಿನಲ್ಲಿ ಅವಳ ಗಂಡನಿಗೆ ಅಂಕೋನಾಕ್ಕೆ ವರ್ಗವಾಯಿತು, ಅಲ್ಲಿಗೆ ಮುಗಿಯಿತು. ಲೆಕ್ಕಕ್ಕೆ ಹಿಡಿಯುವಂಥದ್ದೇ ಅಲ್ಲ. ಮನೆಗೆ ಹೋಗಿ ನಗರಸಭೆಯ ಬೀದಿ ತೊಳೆಯುವ ಲಾರಿ ನೀರು ಹಾರಿಸಿತು ಎಂದು ಹೇಳಿದ್ದ. ಜೆಲಿಂದಾ ಏನೂ ಕೇಳಲಿಲ್ಲ. ಪ್ಯಾಂಟು ಇಸಿದುಕೊಂಡು ಬಾಲ್ಕನಿಯಲ್ಲಿ ಒಣಹಾಕಿ, "ಸೂಪು ಬಿಸಿ ಮಾಡ್ಲಾ?" ಎಂದಿದ್ದಳು. ಎಂಥ ಮುಗ್ಧೆ ಎಂದು ಅವನಿಗೆ ಅವಳ ಮೇಲೆ ಕರುಣೆ ಉಕ್ಕಿತ್ತು. ಆ ರಾತ್ರಿ ಎಂದಿಗಿಂತ ಹೆಚ್ಚು ಪ್ರೀತಿಯಿಂದ ಮಾತಾಡಿಸಿದ್ದ. ಆ ಮುಗ್ಧತೆಯ ಮೇಲೆಯೇ ಅವನು ಇಷ್ಟು ವರ್ಷ ನೆಮ್ಮದಿಯಾಗಿ ಮನೆ ಕಟ್ಟಿಕೊಂಡಿದ್ದ. ಈಗ ನೋಡಿದರೆ ಅವಳಿಗೂ ಒಬ್ಬ ಇದ್ದ. ತನ್ನದು ಒಂದು ಮಧ್ಯಾಹ್ನ, ಅವಳದ್ದು ಎಷ್ಟೋ. ತೋಟದವನು ಗುರುತು ಹಿಡಿಯುವಷ್ಟು.

ನೆಲ್ಲೊ ನಿಂಬೆಮನೆಯ ನೆರಳಲ್ಲಿ ಖಾಲಿ ಕುಂಡವೊಂದರ ಪಾಚಿ ಉಜ್ಜುತ್ತಿದ್ದ. ಅವನ ಮುಂಗೈಯನ್ನೇ ನೋಡುತ್ತ ನಿಂತ ರಿನಾಲ್ದೊಗೆ ಒಂದು ಗಳಿಗೆ, ಇವನೇ ಯಾಕಿರಬಾರದು, ಎನ್ನಿಸಿತು. ಹಾಗನ್ನಿಸಿದ್ದಕ್ಕೆ ನಾಚಿಕೆಯೂ ಆಯಿತು. ಆದರೂ ಕೇಳಿದ.

"ನೀಲಿ ಬಟ್ಟೆ ಹಾಕಿರೋ ಆ ಸಿನ್ಯೋರಾ... ಮುಂಚೆ ಬಂದಿದ್ರಾ ಇಲ್ಲಿಗೆ?"

"ಬಂದಿದ್ರಲ್ಲ. ಕೂದಲು ಆಗ ಕಪ್ಪಿತ್ತು. ಮುಖ ಅದೇ."

"ಇಷ್ಟು ವರ್ಷ ನೆನಪಿಟ್ಟಿದೀರಾ?"

"ಎಲ್ಲರದ್ದೂ ಇಟ್ಟಿರೋಲ್ಲ. ಅವರದ್ದು ಮರೆಯೋ ಥರ ಇರ್ಲಿಲ್ಲ."

"ಯಾರ ಜೊತೆ ಬಂದಿದ್ರು?"

ನೆಲ್ಲೊ ಉಜ್ಜುವುದನ್ನು ನಿಲ್ಲಿಸಿ ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿದ. "ನೀವು ಅವರ ಯಜಮಾನ್ರಾ?" ರಿನಾಲ್ದೊ ತಲೆಯಾಡಿಸಿದ. "ಹಾಗಾದ್ರೆ ಅವರನ್ನೇ ಕೇಳಿ, ಸಿನ್ಯೋರ್. ನೀರು ಬಿಡೋದಷ್ಟೇ ನನ್ನ ಕೆಲಸ." ಅಷ್ಟು ಹೇಳಿ ಮತ್ತೆ ಪಾಚಿಗೆ ಕೈಹಾಕಿದ.

ಹೆಂಡತಿಯ ವಿಷಯವನ್ನು ಹೆಂಡತಿಯನ್ನೇ ಕೇಳು ಎಂದು ಪರರಿಂದ ಹೇಳಿಸಿಕೊಂಡವನಿಗೆ ಉಳಿಯುವ ಮರ್ಯಾದೆ ಎಷ್ಟು? ತಿರುಗಿ ನೋಡಿದರೆ ನಿಂಬೆಮನೆಯ ಬಾಗಿಲಲ್ಲಿ ಜೆಲಿಂದಾ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. "ಬಾ," ಎಂದು ಗವಿಯ ಮೆಟ್ಟಿಲ ಕಡೆಗೆ ನಡೆದಳು, ಅವನು ಹಿಂದೆ ಹೋದ. ಅರ್ಧ ಇಳಿದ ಮೇಲೆ ಅವಳು ಕಲ್ಲಿನ ಮೇಲೆ ಕೂತಳು. ಕೆಳಗೆ ಆಮೆ ಆಗಲೇ ಬಿಸಿಲಿಗೆ ಒಣಗತೊಡಗಿತ್ತು.

"ಯಾರ ಜೊತೆ ಬಂದಿದ್ದೆ?" ಎಂದ ರಿನಾಲ್ದೊ. "ಹೇಳಿಬಿಡು. ಈ ವಯಸ್ಸಲ್ಲಿ ನಾನೇನು ಮಾಡ್ತೀನಿ? ಹೆಸರೊಂದು ಹೇಳಿಬಿಡು ಸಾಕು."

"ಒಬ್ಬಳೇ."

"ಸುಳ್ಳು ಹೇಳ್ಬೇಡ. ಇಲ್ಲಿಗೆ ಯಾರೂ ಒಬ್ಬರೇ ಬರಲ್ಲ."

"ಬರ್ತಾರೆ. ಗಂಡ ಎಂಥ ಜಾಗಕ್ಕೆ ಹೋಗಿದ್ದ ಅಂತ ನೋಡೋಕೆ ಬರ್ತಾರೆ."

ಅವನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಕೆಳಗಿನ ಆಮೆಯ ಕಡೆ ನೋಡಿದ. ಅವಳು ಲಂಗದ ಮೇಲೆ ಬಿದ್ದಿದ್ದ ಬ್ರೆಡ್ಡಿನ ಚೂರು ಒಂದೊಂದಾಗಿ ಆರಿಸಿ ಎಸೆಯುತ್ತ, ಮನೆಯ ಸಾಮಾನಿನ ವಿಷಯ ಹೇಳುವವಳ ಹಾಗೆ ಹೇಳಿದಳು. "ಜುಲೈ ತಿಂಗಳು. ಊರಲ್ಲಿ ಒಂದು ಹನಿ ಮಳೆ ಇಲ್ಲ. ನೀನು ಪ್ಯಾಂಟಿನ ಹಿಂದೆ ಒದ್ದೆ ಮಾಡ್ಕೊಂಡು ಬಂದು ಬೀದಿ ತೊಳೆಯೋ ಲಾರಿ ಅಂತೀಯ. ನಾನೇನು ಪರವೂರಿಂದ ಬಂದವಳಾ, ರಿನಾಲ್ದೊ? ಕ್ಷೌರದಂಗಡಿ ಮುಂದೆ ನಮ್ಮಪ್ಪಾನೂ ಕೂತಿರ್ತಿದ್ದ. ಮುಂದಿನ ಭಾನುವಾರ ಮಗೂನ ಅಕ್ಕನ ಮನೇಲಿ ಬಿಟ್ಟು ಬಂದೆ. ಒಳ್ಳೇ ಬೂಟು ಹಾಕ್ಕೊಂಡು ಬಂದೆ, ಯಾಕೋ ಗೊತ್ತಿಲ್ಲ. ಆ ಆಮೆ ಮೇಲೆ ನಿಂತ್ಕೊಂಡು, ಅವಳು ಎಲ್ಲಿ ನಿಂತಿದ್ದಳು, ನೀನು ಯಾವ ಕಡೆಗಿದ್ದೆ ಅಂತ ಯೋಚನೆ ಮಾಡ್ತಿದ್ದೆ. ನೀರು ಬಂತು. ಎಲ್ಲರೂ ಕಿರುಚ್ಕೊಂಡು ಓಡ್ತಾರಂತೆ. ನಾನು ನಿಂತೇ ಇದ್ದೆ. ಪಾಪ, ಈ ಮನುಷ್ಯ ಹೆದರಿ ನೀರು ನಿಲ್ಲಿಸಿ ಟವೆಲ್ ತಂದುಕೊಟ್ಟ."

ಅಂದರೆ ಯಾರೂ ಇರಲಿಲ್ಲ. ಇಷ್ಟು ಹೊತ್ತು ಅವನನ್ನು ಸುಟ್ಟ ಆ ಗಂಡಸು ಹುಟ್ಟಿಯೇ ಇರಲಿಲ್ಲ. ಒಂದು ಕ್ಷಣ, ಒಂದೇ ಒಂದು ಕ್ಷಣ, ರಿನಾಲ್ದೊಗೆ ಹಾಯೆನಿಸಿತು. ಹಾಗೆನಿಸಿದ್ದೇ ತಡ ತನ್ನ ಮೇಲೆಯೇ ಹೇಸಿಗೆಯಾಯಿತು. ಅವನ ಒಂದು ಬೆಳಗಿನ ಉರಿಯನ್ನು ಅವಳು ಅಷ್ಟೂ ವರ್ಷ ಉಂಡು, ಸೂಪು ಬಿಸಿ ಮಾಡಿ, ಅವನ ಪ್ಯಾಂಟು ಇಸ್ತ್ರಿ ಮಾಡಿ, ಮಗಳನ್ನು ಬೆಳೆಸಿದ್ದಳು.

"ಯಾಕೆ ಕೇಳ್ಲಿಲ್ಲ?" ಎಂದ.

"ಕೇಳಿದ್ರೆ ನೀನು ಹೇಳಿಬಿಡ್ತಿದ್ದೆ. ಆಮೇಲೆ ಮನೇಲಿ ಅವಳಿಗೊಂದು ಹೆಸರಾಗ್ತಿತ್ತು. ಬೇಡ ಅನ್ನಿಸ್ತು." ಅವಳು ಕೈ ಕೊಡವಿಕೊಂಡಳು. "ವರ್ಷ ಕಳೀತಾ ಕಳೀತಾ, ನಾನೇ ತಪ್ಪು ತಿಳ್ಕೊಂಡಿದ್ದೆನೇನೋ ಅಂತಾನೂ ಅನ್ನಿಸೋಕೆ ಶುರುವಾಗಿತ್ತು. ಲಾರಿ ನಿಜವಾಗ್ಲೂ ಬಂದಿತ್ತೇನೋ. ಒಬ್ಬ ಒಳ್ಳೇ ಮನುಷ್ಯನ ಮೇಲೆ ಸುಮ್ಮನೆ ಅನುಮಾನ ಪಟ್ಟೆನೇನೋ. ಇವತ್ತು ಬೀಗರನ್ನ ಇಲ್ಲಿಗೇ ಕರ್ಕೊಂಡು ಬರೋಣ ಅಂತ ಹೇಳಿದ್ದು ಯಾರು? ನಾನೇ ತಾನೆ?"

ಹೌದು, ಅವಳೇ. ಅವನು ಕೋಟೆಗೋಡೆಯ ಮೇಲೆ ಸುತ್ತಾಡಿಸೋಣ ಎಂದಿದ್ದ.

"ಬೀಗರ ಜೊತೆ ನಕ್ಕೊಂಡೇ ಬಂದೆ, ಕೈಕಾಲು ತಣ್ಣಗಾಗಿತ್ತು. ನಾನು ಗೋಡೆ ಪಕ್ಕ ಹೋಗಿ ನಿಂತಿದ್ದು ನೀರಿಗೆ ಹೆದರಿ ಅಲ್ಲ. ಅಲ್ಲಿಂದ ನೀನು ಕಾಣ್ತೀಯ ಅಂತ. ನೀನು ಆಮೆ ಮೇಲೆ ಹೋಗಿ ನಿಲ್ತೀಯೇನೋ, ನಿಲ್ಲಲಿ ದೇವರೇ ಅಂತ ಕೊನೆವರೆಗೂ ನೋಡ್ತಾನೇ ಇದ್ದೆ." ಅವಳು ಮೊದಲ ಸಲ ಅವನ ಮುಖ ನೋಡಿದಳು, ಆಮೇಲೆ ಅವನ ಪ್ಯಾಂಟು, ಬೂಟು. "ನಿನ್ನ ಮೇಲೂ ಒಂದು ಹನಿ ಬೀಳ್ಲಿಲ್ಲ, ರಿನಾಲ್ದೊ."

ಮೇಲಿನಿಂದ ಪಿಯೇರಾ ಕೂಗಿದಳು: "ಜೆಲಿಂದಾ, ಫೋಟೊ ತೆಗೆಯೋಣ ಬನ್ನಿ! ಒದ್ದೆಯಾದವರು ಒಂದು ಕಡೆ, ಆಗದವರು ಒಂದು ಕಡೆ!" ಜೆಲಿಂದಾ ಎದ್ದು ಲಂಗ ಸರಿಮಾಡಿಕೊಂಡಳು. "ಬಂದೆ ಬೀಗಿತ್ತಿ," ಎಂದು ನಗುವಿನ ದನಿಯಲ್ಲೇ ಕೂಗಿ ಮೆಟ್ಟಿಲು ಹತ್ತಿಹೋದಳು. ಅವನನ್ನು ಕರೆಯಲಿಲ್ಲ.

ರಿನಾಲ್ದೊ ಉಳಿದ ಮೆಟ್ಟಿಲು ಇಳಿದ. ಈ ಸಲವೂ ಕಾಲು ತಾನಾಗಿಯೇ ಎಡಕ್ಕೆ ವಾಲಿತು, ಅದನ್ನು ಎಳೆದು ನಡುವಿಗೆ ತಂದು ಆಮೆಯ ಬೆನ್ನ ಮೇಲೆ ನಿಂತ. ಕಲ್ಲಿನ ನದಿದೇವನ ಮುಖ ಪೂರ್ತಿ ಕಾಣಿಸಿತು, ಅವನು ನೋಡಲಿಲ್ಲ. ಕಣ್ಣು ಮುಚ್ಚಿ ಕಾದ. ಬೇಲಿಯ ಕಡೆಯಿಂದ ಹೆಜ್ಜೆ ಸದ್ದಾಯಿತು, ಬೀಗದ ಕೈಗಳು ಕಣಕಣ ಎಂದವು.

"ಸಿನ್ಯೋರ್," ಎಂದ ನೆಲ್ಲೊ, "ತೊಟ್ಟಿ ಖಾಲಿ. ಗುಡ್ಡದಿಂದ ನೀರು ತುಂಬೋವರೆಗೆ ಇನ್ನು ಬರೋಲ್ಲ. ಸುಮ್ಮನೆ ಯಾಕೆ ಬಿಸಿಲಲ್ಲಿ ನಿಲ್ತೀರಿ?"

ರಿನಾಲ್ದೊ ಕೇಳಿಸಿಕೊಂಡ. ಆದರೂ ಅಲ್ಲೇ ನಿಂತಿದ್ದ.